ಸ್ಕೇಲ್ ಯಾವುದ್ರಿ? ಕಲಬುರಗಿ ಕಡೆಯ ಸ್ಯಾಕ್ಸ್ ಕಸುಬಿನ ಲೆಕ್ಕಾಚಾರ

"ಮಾಸ್ತರ್, ನಾಳೆ ಸಂಜಿಗೆ ಫ್ರೀ ಅದೀರೇನ್ರಿ? ಆಳಂದದಾಗ ಒಂದ್ ರಸಮಂಜರಿ ಅದ. ಎಂಟ್-ಹತ್ತ್ ಹಾಡು, ಅಷ್ಟೇ. ಬರ್ರಿ."

ಈ ಸೀಮೆಯಲ್ಲಿ ಸ್ಯಾಕ್ಸೋಫೋನ್ ಹಿಡಿದು ಬದುಕುವವರಿಗೆ ಕೆಲಸ ಬರುವುದು ಬಹುಪಾಲು ಹೀಗೆ, ಹಿಂದಿನ ದಿನ, ಫೋನಿನಲ್ಲಿ. ದುಡ್ಡಿನ ಮಾತು ಆಮೇಲೆ. ಮೊದಲು ಹಾಡಿನ ಪಟ್ಟಿ ಕೇಳಬೇಕು, ಅದರ ಬೆನ್ನಿಗೇ ಸ್ಕೇಲ್, ಅಂದರೆ ಹಾಡಿನ ಷಡ್ಜ (ಸ) ಯಾವ ಕೀ ಮೇಲೆ ಕೂರುತ್ತದೆ ಎಂಬುದನ್ನು ಕೇಳಬೇಕು. "ಒರಿಜಿನಲ್ ಸ್ಕೇಲ್ರಿ" ಎಂದರೆ ನಂಬಬೇಡಿ. ಅರವತ್ತು ದಾಟಿದ ಗಾಯಕರು ಅರ್ಧ ಮನೆ (ಹಾರ್ಮೋನಿಯಂನಲ್ಲಿ ಪಕ್ಕದ ಒಂದು ಕೀಯಷ್ಟು) ಇಳಿಸುತ್ತಾರೆ, ಹೊಸ ಹುಡುಗರು ಕೆಲವೊಮ್ಮೆ ಒಂದು ಮನೆ ಏರಿಸುತ್ತಾರೆ. ಕೀಬೋರ್ಡಿನವನು ಟ್ರಾನ್ಸ್‌ಪೋಸ್ ಬಟನ್ ಒತ್ತಿ ಒಂದೇ ಕ್ಷಣದಲ್ಲಿ ದಾಟಿಬಿಡುತ್ತಾನೆ. ತಬಲಾದವನು ಸುತ್ತಿಗೆಯಿಂದ ನಾಲ್ಕು ಏಟು ಹೊಡೆದರೆ ಮುಗಿಯಿತು. ಸ್ಯಾಕ್ಸ್ ನುಡಿಸುವವನಿಗೆ ಮಾತ್ರ ಹತ್ತೂ ಬೆರಳಿನ ದಾರಿ ಬದಲಾಗುತ್ತದೆ. ಹಾಗಾಗಿ ಗಾಯಕರ ನಂಬರನ್ನೇ ಇಸಿದುಕೊಂಡು ನೇರವಾಗಿ ಕೇಳಿಬಿಡುವುದು ಒಳ್ಳೆಯದು.

ವೇದಿಕೆಯ ಮೇಲೆ ಇನ್ನೊಂದು ಮೋಸವಿದೆ. ಕೀಬೋರ್ಡಿನವನ ಬೆರಳು ನೋಡಿ ಸ್ಕೇಲ್ ಹಿಡಿಯಬೇಡಿ. ಅವನ ಕೈ ಸಿ ಮೇಜರಿನಲ್ಲಿರುತ್ತದೆ, ಆದರೆ ಪರದೆಯ ಮೇಲೆ ಟ್ರಾನ್ಸ್‌ಪೋಸ್ ಮೈನಸ್ 1 ಇರುತ್ತದೆ. ಹೊರಗೆ ಕೇಳುವುದು ಬಿ. ಬೆರಳು ನೋಡಿ ಊದಿದರೆ ಅರ್ಧ ಮನೆ ಮೇಲೆ ಕೂಗುತ್ತದೆ, ಜನ ನೋಡುವುದು ಕೀಬೋರ್ಡಿನವನನ್ನಲ್ಲ, ನಿಮ್ಮನ್ನು. "ಟ್ರಾನ್ಸ್‌ಪೋಸ್ ಎಷ್ಟದ ಅಣ್ಣಾ?" ಅಂತ ಪ್ರತಿ ಹಾಡಿಗೂ ಕೇಳುವುದಕ್ಕೆ ನಾಚಿಕೆ ಪಡಬಾರದು.

ಇನ್ನು ಲೆಕ್ಕ. ಆಲ್ಟೋ ಸ್ಯಾಕ್ಸ್ ಇ ಫ್ಲಾಟ್ ವಾದ್ಯ. ನಾವು ಸಿ ಬೆರಳು ಇಟ್ಟು ಊದಿದರೆ ಹೊರಡುವುದು ಇ ಫ್ಲಾಟ್, ಅಂದರೆ ಹಾರ್ಮೋನಿಯಂ ಭಾಷೆಯಲ್ಲಿ ಕಪ್ಪು 2 (ಸಿ ಇಂದ ಎಣಿಸಿದರೆ ಎರಡನೆಯ ಕಪ್ಪು ಕೀ). ಟೆನರ್ ಬಿ ಫ್ಲಾಟ್ ವಾದ್ಯ, ಸಿ ಬೆರಳಿಗೆ ಕಪ್ಪು 5 ಬರುತ್ತದೆ. ನೆನಪಿಡಲು ಸುಲಭದ ದಾರಿ ಇದು: ಹಾರ್ಮೋನಿಯಂನಲ್ಲಿ ಷಡ್ಜ ಎಲ್ಲಿದೆಯೋ ಅಲ್ಲಿಂದ ಕರಿ-ಬಿಳಿ ಎಲ್ಲ ಸೇರಿಸಿ ಮೂರು ಕೀ ಎಡಕ್ಕೆ ಎಣಿಸಿದರೆ ಆಲ್ಟೋದ ಬೆರಳು, ಎರಡು ಕೀ ಬಲಕ್ಕೆ ಎಣಿಸಿದರೆ ಟೆನರಿನ ಬೆರಳು.

ಗಂಡು ದನಿಗೆ ಇಲ್ಲಿ ಹೆಚ್ಚು ಬರುವುದು ಕಪ್ಪು 1. ಹಳೆಯ ಹಾರ್ಮೋನಿಯಂ ಮಾಸ್ತರರ ಬಾಯಲ್ಲಿ ಅದು ಕಾಳಿ ಏಕ್. ಆಲ್ಟೋದಲ್ಲಿ ಅದಕ್ಕೆ ಷಡ್ಜ ಬಿ ಫ್ಲಾಟ್, ಟೆನರಿನಲ್ಲಿ ಇ ಫ್ಲಾಟ್. ಬಿಳಿ 1 ಆದರೆ ಆಲ್ಟೋಗೆ ಎ, ಟೆನರಿಗೆ ಡಿ. ಹೆಣ್ಣು ದನಿಯ ಕಪ್ಪು 4 ಬಂದರೆ ಆಲ್ಟೋಗೆ ಎಫ್, ಟೆನರಿಗೆ ಬಿ ಫ್ಲಾಟ್. ಬಿಳಿ 4 ಆಲ್ಟೋದಲ್ಲಿ ಡಿ, ಬೆರಳಿಗೆ ಹಿತ. ಬಿಳಿ 7 ಬಂತೋ, ಆಲ್ಟೋಗೆ ಜಿ ಶಾರ್ಪ್. ಟ್ರಾನ್ಸ್‌ಪೋಸ್ ಮೈನಸ್ 1ರ ಕಾಟವೆಂದರೆ ಇದೇ. ಎಡಗೈ ಕಿರುಬೆರಳಿಗೆ ಅಂದು ಬಿಡುವಿಲ್ಲ.

ಕಪ್ಪು 1ರ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆಯ ಕೆಲಸದಲ್ಲಿ ಅರ್ಧ ಅದೇ ಸ್ಕೇಲಿನದು. ಆಲ್ಟೋದ ಕಟ್ಟಕಡೆಯ ಕೆಳಸ್ವರ ಬಿ ಫ್ಲಾಟ್. ಕಪ್ಪು 1ರಲ್ಲಿ ಅದೇ ಷಡ್ಜ. ಗಾಯಕನ ಷಡ್ಜಕ್ಕೆ ಸರಿಸಮ ನಿಂತು ಕೆಳಗಿನ ನಿಷಾದ, ಧೈವತಕ್ಕೆ ಇಳಿಯಲು ವಾದ್ಯದಲ್ಲಿ ಜಾಗವೇ ಇಲ್ಲ. ಇಳಿಯುವ ಬಿಟ್ (ಹಾಡಿನ ನಡುವೆ ವಾದ್ಯ ನುಡಿಸುವ ತುಣುಕು) ಇದ್ದರೆ ಒಂದು ಸಪ್ತಕ ಮೇಲೆ ನುಡಿಸಬೇಕು, ಇಲ್ಲವೇ ಟೆನರ್ ಒಯ್ಯಬೇಕು. ಟೆನರಿನ ಕೊನೆಯ ಸ್ವರ ಹೊರಗೆ ಕಪ್ಪು 4 ಆಗಿ ಕೇಳುತ್ತದೆ. ಅಂದರೆ ಕಪ್ಪು 1ರ ಷಡ್ಜದಿಂದ ಕೆಳಗೆ ಮಂದ್ರ ಪಂಚಮದವರೆಗೆ ದಾರಿ ಸಿಗುತ್ತದೆ. ವಚನ, ತತ್ವಪದದ ರೆಕಾರ್ಡಿಂಗಿಗೆ ಕರೆ ಬಂದಾಗ ಟೆನರ್ ಒಯ್ಯಿರಿ ಎನ್ನುವುದು ಇದಕ್ಕೇ. ಆ ಧಾಟಿಗಳು ಮಂದ್ರಕ್ಕೆ ಇಳಿಯದೆ ಬಿಡುವುದಿಲ್ಲ.

ಎರಡನೆಯ ತೊಡಕು ಮೀಂಡಿನದು, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಮುರಿಯದೆ ಜಾರುವುದು. ಸ್ಯಾಕ್ಸಿನಲ್ಲಿ ಮಧ್ಯದ ಸಿ ಶಾರ್ಪ್ ಅಂದರೆ ಎಲ್ಲ ಬೆರಳು ಎತ್ತಿದ ಸ್ವರ. ಅದರ ಮುಂದಿನ ಡಿ ಅಂದರೆ ಹೆಚ್ಚುಕಡಿಮೆ ಎಲ್ಲ ಬೆರಳು ಮುಚ್ಚಿ ಆಕ್ಟೇವ್ ಕೀ ಒತ್ತಿದ ಸ್ವರ. ಎರಡರ ನಡುವೆ ದನಿಯ ಬಣ್ಣವೇ ಬದಲಾಗುತ್ತದೆ, ಜಾರಿಸಿದರೆ ಟಪ್ ಎಂದು ಮುರಿಯುತ್ತದೆ. ಆಲ್ಟೋದ ಕಪ್ಪು 1ರಲ್ಲಿ ಆ ಸಿ ಶಾರ್ಪ್ ಕೋಮಲ ಗಾಂಧಾರ, ಆ ಡಿ ಶುದ್ಧ ಗಾಂಧಾರ. ರಿಷಭದಿಂದ ಶುದ್ಧ ಗಾಂಧಾರಕ್ಕೆ ಜಾರುವ ಪ್ರತಿ ಮೀಂಡೂ ಈ ಬಿರುಕಿನ ಮೇಲೆಯೇ ಹಾದುಹೋಗುತ್ತದೆ. ಟೆನರಿನಲ್ಲಿ ಬಿರುಕು ಕೋಮಲ ಮತ್ತು ಶುದ್ಧ ನಿಷಾದದ ನಡುವೆ ಬೀಳುತ್ತದೆ.

ಪರಿಹಾರ ಎರಡು ಬೆರಳಿನಲ್ಲಿದೆ. ಒಂದು, ಮಧ್ಯದ ಡಿಗೆ ಎಲ್ಲ ಬೆರಳು ಮುಚ್ಚುವ ಬದಲು, ಆಕ್ಟೇವ್ ಕೀ ಬಿಟ್ಟು, ಎಡ ಅಂಗೈ ಬದಿಯ ಡಿ ಕೀಯನ್ನಷ್ಟೇ ತೆರೆಯುವುದು. ದನಿ ತುಸು ತೆಳು, ಆದರೆ ಸಿ ಇಂದ ಡಿಗೆ ಬಿರುಕಿಲ್ಲದೆ ಏರುತ್ತದೆ. ಇನ್ನೊಂದು, ಸಿ ಶಾರ್ಪಿಗೆ ಎಲ್ಲ ಬೆರಳು ಎತ್ತದೆ, ಆಕ್ಟೇವ್ ಕೀ ಜೊತೆ ಎಡಗೈ ಉಂಗುರ ಬೆರಳು ಮಾತ್ರ ಇಡುವುದು. ಹೀಗೆ ಮಾಡಿದರೆ ಮೇಲಿನ ಡಿ ಜೊತೆ ಅದರ ಬಣ್ಣ ಹೊಂದುತ್ತದೆ. ಉಳಿದ ಮೀಂಡನ್ನು ದವಡೆ ಸಡಿಲಿಸಿ, ಗಂಟಲಿನಿಂದ ತರಬೇಕು. ಬಾನ್ಸುರಿಯಂತೆ ತೂತಿನ ಮೇಲೆ ಬೆರಳು ಸರಿಸುವ ಅನುಕೂಲ ಇಲ್ಲಿಲ್ಲ. ತೂತು ಮುಚ್ಚುವುದು ಪ್ಯಾಡ್, ಬೆರಳಲ್ಲ. ಕೀಯನ್ನು ನಿಧಾನ ಬಿಟ್ಟರೆ ಸ್ವಲ್ಪ ಜಾರುತ್ತದೆ, ಅಷ್ಟೇ. ಕರಾವಳಿಯಲ್ಲಿ ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಈ ವಾದ್ಯವನ್ನು ಬಗ್ಗಿಸಿದ್ದು ಎಷ್ಟು ದೊಡ್ಡ ಕೆಲಸ ಎಂಬುದು ಇದೊಂದು ಬಿರುಕಿನ ಮೇಲೆ ಒಂದು ವಾರ ಕೂತರೆ ತಿಳಿಯುತ್ತದೆ. ನಮ್ಮ ಕಡೆಯ ಕಿವಿ ಹಿಂದೂಸ್ತಾನಿಯದು, ಶಹನಾಯಿ ಕೇಳಿ ಬೆಳೆದದ್ದು. ಗಮಕಕ್ಕಿಂತ ಮೀಂಡು ತಪ್ಪಿದರೆ ಮೊದಲು ಗೊತ್ತಾಗುತ್ತದೆ.

ಬಿಟ್‌ಗಳನ್ನು ನೋಟ್‌ಬುಕ್ಕಿನಲ್ಲಿ ಸರಿಗಮದಲ್ಲೇ ಬರೆದಿಡಿ. ಸ್ಟಾಫ್ ನೋಟೇಷನ್ ಓದುವ ಅಭ್ಯಾಸ ಬೆಂಗಳೂರಿನ ಸ್ಟುಡಿಯೋ ಕೆಲಸಕ್ಕೆ ಬೇಕು, ಕಲಿಯಲೇಬೇಕು. ಆದರೆ ರಸಮಂಜರಿಯಲ್ಲಿ ಸ್ಕೇಲ್ ಕೊನೆಯ ಕ್ಷಣಕ್ಕೆ ಬದಲಾಗುತ್ತದೆ, ಆಗ ಸರಿಗಮ ಬರೆದಿಟ್ಟವನೇ ಬಚಾವ್. ಷಡ್ಜ ಸರಿಸಿದರೆ ಪುಟ ಹಾಗೇ ಇರುತ್ತದೆ. ಪ್ರತಿ ಬಿಟ್ಟನ್ನೂ ಒರಿಜಿನಲ್, ಅರ್ಧ ಮನೆ ಕೆಳಗೆ, ಒಂದು ಮನೆ ಕೆಳಗೆ, ಹೀಗೆ ಮೂರು ಷಡ್ಜದಲ್ಲಿ ಬೆರಳಿಗೆ ಕೂರಿಸಿ. ಪುಟದ ತಲೆಗೆ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್), ತಾಳ, ಯಾವ ಸ್ವರದಿಂದ ಎತ್ತುಗಡೆ, ಎಷ್ಟು ಮಾತ್ರೆ ಖಾಲಿ ಬಿಟ್ಟು ಒಳಗೆ ಬರಬೇಕು ಎಂಬುದು ಇರಲಿ. ಬಿಟ್ ತಪ್ಪುವುದು ಸ್ವರದಲ್ಲಿ ಕಡಿಮೆ, ಈ ಎತ್ತುಗಡೆಯಲ್ಲೇ ಹೆಚ್ಚು.

ಈಗ ಬಿಸಿಲು. ಕಲಬುರಗಿ, ಯಾದಗಿರಿಯಲ್ಲಿ ಏಪ್ರಿಲ್-ಮೇ ತಿಂಗಳು 40 ಡಿಗ್ರಿ ದಾಟುವುದು ಸಾಮಾನ್ಯ. ಲಗ್ನಗಳೂ ಆಗಲೇ. ಕೊಳವೆಯೊಳಗಿನ ಗಾಳಿ ಬಿಸಿಯಾದಷ್ಟೂ ಶಬ್ದದ ವೇಗ ಹೆಚ್ಚುತ್ತದೆ, ಶ್ರುತಿ ಏರುತ್ತದೆ. ಲೆಕ್ಕಕ್ಕೆ ಒಂದು ಡಿಗ್ರಿಗೆ ಸುಮಾರು 3 ಸೆಂಟ್. ಅರ್ಧ ಮನೆ ಅಂದರೆ 100 ಸೆಂಟ್. ಹಾಗಾದರೆ 20 ಡಿಗ್ರಿಯ ಕೋಣೆಯಲ್ಲಿ ಶ್ರುತಿ ಕೂಡಿಸಿದ ವಾದ್ಯ 40 ಡಿಗ್ರಿಯ ಪೆಂಡಾಲಿನಲ್ಲಿ 60 ಸೆಂಟ್ ಏರಬೇಕು. ಉಸಿರೇ ಬೆಚ್ಚಗಿರುವುದರಿಂದ ನುಡಿಸುವಾಗ ಅಷ್ಟು ಏರುವುದಿಲ್ಲ. ಆದರೆ ಏರಿದಷ್ಟೂ ಕಿವಿಗೆ ಚುಚ್ಚುತ್ತದೆ, ಯಾಕೆಂದರೆ ಕೀಬೋರ್ಡ್ 440ರಲ್ಲೇ (ಎ ಸ್ವರಕ್ಕೆ 440 ಹರ್ಟ್ಸ್) ಕಲ್ಲಿನಂತೆ ಕೂತಿರುತ್ತದೆ. ಹಾರ್ಮೋನಿಯಂ ಇದ್ದರೆ ಅದು 440ರಲ್ಲಿ ಇದೆಯೋ ಇಲ್ಲವೋ ಎಂಬುದನ್ನೇ ಮೊದಲು ನೋಡಬೇಕು. ಹಳೆಯ ಪೆಟ್ಟಿಗೆಗಳು ತಮ್ಮದೇ ಶ್ರುತಿಯಲ್ಲಿರುತ್ತವೆ.

ಏರಿದ ಶ್ರುತಿ ಇಳಿಸಲು ಮೌತ್‌ಪೀಸನ್ನು ಕಾರ್ಕಿನ ಮೇಲೆ ಹೊರಕ್ಕೆ ಎಳೆಯುತ್ತೇವೆ. ಎಳೆದಾಗ ಎಲ್ಲ ಸ್ವರ ಒಂದೇ ಸಮ ಇಳಿಯುವುದಿಲ್ಲ. ಬಿ, ಸಿ, ಸಿ ಶಾರ್ಪ್‌ನಂಥ ಕಡಿಮೆ ಬೆರಳಿನ, ಗಿಡ್ಡ ಕೊಳವೆಯ ಸ್ವರಗಳು ಹೆಚ್ಚು ಇಳಿಯುತ್ತವೆ, ಕೆಳಗಿನ ಉದ್ದ ಕೊಳವೆಯ ಸ್ವರಗಳು ಕಡಿಮೆ. ಆದ್ದರಿಂದ ಒಂದೇ ಸ್ವರಕ್ಕೆ ಟ್ಯೂನರ್ ನೋಡಿ ನಿಲ್ಲಿಸಬೇಡಿ. ಅಂದಿನ ಷಡ್ಜ, ಪಂಚಮ, ಮೇಲಿನ ಷಡ್ಜ ಮೂರನ್ನೂ ನೋಡಿ ನಡುವಿನ ಜಾಗ ಹಿಡಿಯಿರಿ. ಶ್ರುತಿ ಏರಿದ್ದಕ್ಕೆ ಪ್ರತಿ ಸಲ ಬಿಸಿಲೇ ಕಾರಣವೂ ಅಲ್ಲ. ದಣಿದ ತುಟಿ ರೀಡನ್ನು (ಮೌತ್‌ಪೀಸಿನಲ್ಲಿ ಕಂಪಿಸುವ ಚಕ್ಕೆ) ಕಚ್ಚುತ್ತದೆ, ಕಚ್ಚಿದರೂ ಏರುತ್ತದೆ. ಪರೀಕ್ಷೆ ಸುಲಭ: ಮೌತ್‌ಪೀಸ್ ಮಾತ್ರ ಬಿಚ್ಚಿ ಊದಿ. ಆಲ್ಟೋದ್ದು ಹೊರಗೆ ಎ ಹತ್ತಿರ, ಟೆನರಿನದ್ದು ಜಿ ಹತ್ತಿರ ಬರಬೇಕು. ಅದಕ್ಕಿಂತ ಮೇಲಿದ್ದರೆ ದವಡೆ ಸಡಿಲಿಸಿ, ಕಾರ್ಕ್ ಮುಟ್ಟಬೇಡಿ. ಬೀದರದ ಚಳಿಗಾಲ ಇದರ ಉಲ್ಟಾ. ಎತ್ತರದ ಊರು, ಪುಷ್ಯ ಮಾಸದ ಬೆಳಗಿನ ಕಾರ್ಯಕ್ರಮದಲ್ಲಿ ವಾದ್ಯ ತಣ್ಣಗಾಗಿ ಶ್ರುತಿ ಕೆಳಗೆ ಬೀಳುತ್ತದೆ. ಸರದಿ ಬರುವ ಹತ್ತು ನಿಮಿಷ ಮುಂಚಿನಿಂದ ಸದ್ದಿಲ್ಲದೆ ಬೆಚ್ಚನೆಯ ಉಸಿರು ಬಿಡುತ್ತಿದ್ದರೆ ಸಾಕು. ಮೊದಲ ಬಿಟ್ಟಿಗೆ ತಣ್ಣನೆ ವಾದ್ಯ ಎತ್ತುವುದೇ ತಪ್ಪು.

ಬಿಸಿಲಿನ ಇನ್ನೊಂದು ಹೊಡೆತ ಪ್ಯಾಡಿಗೆ. ಪ್ಯಾಡ್‌ಗಳನ್ನು ಕೀಯ ಬಟ್ಟಲಿಗೆ ಅಂಟಿಸುವುದು ಅರಗಿನಿಂದ, ಇಲ್ಲವೇ ಬಿಸಿ ಅಂಟಿನಿಂದ. ಎರಡೂ ಕಾದರೆ ಮೆತ್ತಗಾಗುತ್ತವೆ. ಮೇ ತಿಂಗಳ ಮಧ್ಯಾಹ್ನ ಮುಚ್ಚಿದ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಪ್ಯಾಡ್ ಒಂದು ಎಳೆಯಷ್ಟು ವಾಲುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕೆಳಸ್ವರ ಮಾತ್ರ ಗರಗರ ಎನ್ನುತ್ತದೆ ಅಥವಾ ಹೊರಡುವುದೇ ಇಲ್ಲ. ಬಸ್ಸಿನ ಮೇಲೂ ಬೇಡ, ಡಿಕ್ಕಿಯಲ್ಲೂ ಬೇಡ. ತೊಡೆಯ ಮೇಲೆ ಅಥವಾ ಕಾಲಿನ ನಡುವೆ, ಕಂಡಕ್ಟರ್ ಏನಾದರೂ ಅನ್ನಲಿ. ಪೆಟ್ಟಿಗೆಯಲ್ಲಿಡುವಾಗ ನೆಕ್ (ಮೌತ್‌ಪೀಸ್ ತೊಡಿಸುವ ಬಾಗಿದ ಕೊಳವೆ) ಕೂರುವ ಬಾಯಿಗೆ ಪ್ಲಗ್ ಹಾಕುವುದನ್ನು ಮರೆಯಬೇಡಿ. ಅದು ಬರೀ ಮುಚ್ಚಳವಲ್ಲ, ಆಕ್ಟೇವ್ ಕೀಯ ಕಡ್ಡಿ ಬಾಗದಂತೆ ಕಾಯುವುದು ಅದೇ. ನೆಕ್ ತೊಡಿಸುವಾಗ ಅದರ ಮೇಲಿನ ಆಕ್ಟೇವ್ ಕೀಯನ್ನು ಮುಷ್ಟಿಯಲ್ಲಿ ಹಿಡಿದು ತಿರುಗಿಸುವವರು ಬಹಳ. ಅದು ಬಾಗಿದರೆ ನೆಕ್ಕಿನ ಪ್ಯಾಡ್ ಪೂರ್ತಿ ಮುಚ್ಚುವುದಿಲ್ಲ, ಕೆಳಗಿನ ಸ್ವರ ಊದಿದರೂ ಮೇಲಿನ ಸಪ್ತಕ ಹಾರುತ್ತದೆ. ಪರೀಕ್ಷೆ: ಜಿ ಬೆರಳಿಟ್ಟು ಆಕ್ಟೇವ್ ಒತ್ತಿ, ಬಿಡಿ. ನೆಕ್ಕಿನ ಪ್ಯಾಡ್ ಅಲುಗಬಾರದು. ಎ ಬೆರಳಿಟ್ಟು ಆಕ್ಟೇವ್ ಒತ್ತಿದರೆ ಮಾತ್ರ ಏಳಬೇಕು.

ರೀಡಿನ ಮಾತು. ಬಿದಿರಿನ ಸೋದರನಂಥ ಜೊಂಡಿನ ಚಕ್ಕೆ ಅದು. ಒಣ ಹವೆಯಲ್ಲಿ ತುದಿ ಅಲೆ ಎದ್ದಂತೆ ಸೊಟ್ಟಗಾಗುತ್ತದೆ. ಬೇಸಿಗೆಯಲ್ಲಿ ಎರಡು ಹಾಡಿನ ಬಿಡುವಿನಲ್ಲೇ ಒಣಗಿ, ಮುಂದಿನ ಬಿಟ್ಟಿಗೆ "ಕೀಚ್" ಅನ್ನುತ್ತದೆ. ಒಂದೇ ರೀಡ್ ಹಿಡಿದು ಸವೆಸಬೇಡಿ. ನಾಲ್ಕನ್ನು ನಂಬರ್ ಹಾಕಿ ಸರದಿಯಲ್ಲಿ ಓಡಿಸಿ. ಹೊಸದನ್ನು ಮೊದಲ ದಿನ ಐದು ನಿಮಿಷ, ಮರುದಿನ ಹತ್ತು, ಹೀಗೆ ವಾರ ಪಳಗಿಸಿದ ಮೇಲೆ ವೇದಿಕೆಗೆ. ನುಡಿಸುವ ಮುಂಚೆ ಒಂದೆರಡು ನಿಮಿಷ ನೀರಲ್ಲಿ ಇಡಿ, ಬಿಡುವಿನಲ್ಲಿ ಮೌತ್‌ಪೀಸಿಗೆ ಟೊಪ್ಪಿಗೆ ಹಾಕಿ. ಮುಗಿದ ಮೇಲೆ ಒರೆಸಿ, ಗಾಜಿನ ಪಟ್ಟಿಯುಳ್ಳ ರೀಡ್ ಕೇಸಿನಲ್ಲಿ ಚಪ್ಪಟೆ ಮಲಗಿಸಿ. ವೇದಿಕೆಗೆ ಎರಡೂವರೆ ನಂಬರಿನ ಗಡಸುತನ ಸಾಕು. ಮೂರೂವರೆ ಊದುತ್ತೇನೆ ಎನ್ನುವುದು ಹುಡುಗರ ಜಂಬ. ಮೂರು ತಾಸಿನ ಕಾರ್ಯಕ್ರಮದ ಕೊನೆಗೆ ತುಟಿ ಸೋತು ಶ್ರುತಿ ಹೋದಾಗ ಜಂಬ ಇಳಿಯುತ್ತದೆ. ಬೇಸಿಗೆಯ ಬಯಲು ಕಾರ್ಯಕ್ರಮಕ್ಕೆ ಸಿಂಥೆಟಿಕ್ ರೀಡ್ ಒಂದನ್ನು ಇಟ್ಟುಕೊಳ್ಳಲೇಬೇಕು. ಬೆಲೆ ಹೆಚ್ಚು, ದನಿ ಒಂಚೂರು ಬಣ್ಣಗೆಟ್ಟದ್ದು ಅನಿಸಬಹುದು. ಆದರೆ ಒಣಗುವುದಿಲ್ಲ. ಮೈಕಿನ ಮೂಲಕ ಎರಡು ಸಾವಿರ ಜನ ಕೇಳುವಾಗ ಆ ವ್ಯತ್ಯಾಸ ನಿಮಗೊಬ್ಬರಿಗೇ ತಿಳಿಯುವುದು.

ಊಟದ ವಿಷಯವೂ ಕಸುಬಿನದೇ. "ಮೊದಲ್ ಉಣ್ರಿ ಮಾಸ್ತರ್" ಎಂದು ಗೋಧಿ ಹುಗ್ಗಿ, ಬುಂದಿ ಬಡಿಸುತ್ತಾರೆ. ಬೆಲ್ಲ-ಸಕ್ಕರೆ ಉಸಿರಿನೊಂದಿಗೆ ಒಳಗೆ ಹೋಗಿ ಪ್ಯಾಡಿನ ಮೇಲೆ ಕೂರುತ್ತದೆ, ಆಮೇಲೆ ಜಿ ಶಾರ್ಪ್ ಮತ್ತು ಕೆಳಗಿನ ಸಿ ಶಾರ್ಪ್ ಅಂಟಿಕೊಳ್ಳುತ್ತವೆ. ಇವೆರಡೂ ಸದಾ ಮುಚ್ಚಿಕೊಂಡೇ ಇರುವ ಪ್ಯಾಡ್, ಏಳಲು ಸಣ್ಣ ಸ್ಪ್ರಿಂಗಿನ ಬಲ ಮಾತ್ರ. ಉಂಡರೆ ಬಾಯಿ ಮುಕ್ಕಳಿಸಿ, ಸಾಧ್ಯವಾದರೆ ಹಲ್ಲುಜ್ಜಿ. ಎಲೆ-ಅಡಿಕೆ, ಗುಟಖಾ ಹಾಕುವವರ ಮೌತ್‌ಪೀಸಿನೊಳಗೆ ಏನು ಕೂತಿರುತ್ತದೆ ಎಂದು ಬರೆಯುವುದು ಬೇಡ. ಅಂಟಿದ ಪ್ಯಾಡಿನ ಕೆಳಗೆ ಸಿಗರೇಟ್ ಸುತ್ತುವ ತೆಳು ಕಾಗದ ಇಟ್ಟು ಮೆಲ್ಲಗೆ ಒತ್ತಿ, ತೇವ ಹೀರಲು ಬಿಡಿ. ಒತ್ತಿಟ್ಟು ಎಳೆದರೆ ಚರ್ಮ ಹರಿಯುತ್ತದೆ. ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ಜಿ ಶಾರ್ಪ್ ಪ್ಯಾಡನ್ನು ಕೈಯಿಂದಲೇ ಒಮ್ಮೆ ಎತ್ತಿ ನೋಡುವುದು ರೂಢಿಯಾಗಲಿ.

ಇನ್ನು ಧೂಳು. ಸೇಡಂ, ವಾಡಿ ಕಡೆಯ ಸಿಮೆಂಟ್ ಮತ್ತು ಕಲ್ಲಿನ ಪುಡಿ, ತೊಗರಿ ರಾಶಿಯ ಕಾಲದ ಹೊಟ್ಟು, ಎರೆ ಮಣ್ಣಿನ ಹುಡಿ. ಕೀಗಳ ಕಂಬಿಗೆ ಎಣ್ಣೆ ಹೆಚ್ಚು ಬಿಟ್ಟರೆ ಧೂಳು ಸೇರಿ ಮಸಿಯಂಥ ಅಂಟಾಗುತ್ತದೆ. ತಿಂಗಳಿಗೊಮ್ಮೆ, ಸೂಜಿಯ ತುದಿಯಲ್ಲಿ ನಿಲ್ಲುವಷ್ಟು ಒಂದೊಂದು ಹನಿ, ಹೊರಗೆ ಬಂದದ್ದನ್ನು ಒರೆಸಿಬಿಡಿ. ಇಲ್ಲಿ ಎಣ್ಣೆ ಕಡಿಮೆಯಾಗಿ ಕೆಟ್ಟ ವಾದ್ಯಕ್ಕಿಂತ ಹೆಚ್ಚಾಗಿ ಕೆಟ್ಟದ್ದೇ ಜಾಸ್ತಿ.

ಚೀಲದಲ್ಲಿ ಇರಬೇಕಾದ್ದು: ನಾಲ್ಕು ಪಳಗಿದ ರೀಡ್, ಒಂದು ಸಿಂಥೆಟಿಕ್, ಒಳಗೆ ಎಳೆಯುವ ಬಟ್ಟೆ, ಕಾರ್ಕ್ ಗ್ರೀಸ್, ಸಣ್ಣ ಸ್ಕ್ರೂಡ್ರೈವರ್, ರಬ್ಬರ್ ಬ್ಯಾಂಡ್ ಒಂದು ಮುಷ್ಟಿ, ನಲ್ಲಿ ರಿಪೇರಿಯವರು ಸುತ್ತುವ ಬಿಳಿ ಟೆಫ್ಲಾನ್ ಟೇಪ್, ಕ್ಲಿಪ್ ಮೈಕ್, ಎಎ ಸೆಲ್ ಎರಡು ಜೊತೆ, ಬಟ್ಟೆ ಸಿಕ್ಕಿಸುವ ಕ್ಲಿಪ್ ನಾಲ್ಕು. ಬಯಲಿನ ಗಾಳಿಗೆ ನೋಟ್‌ಬುಕ್ ಹಾರದಿರಲು ಆ ಕ್ಲಿಪ್. ಸ್ಪ್ರಿಂಗ್ ಮುರಿದರೆ ರಬ್ಬರ್ ಬ್ಯಾಂಡ್ ಬಿಗಿದು ಆ ರಾತ್ರಿ ದೂಡಬಹುದು. ಕಾರ್ಕ್ ಹರಿದರೆ ಟೇಪ್ ಸುತ್ತಿ ಮೌತ್‌ಪೀಸ್ ಬಿಗಿ ಮಾಡಬಹುದು.

ಮೈಕನ್ನು ಬೆಲ್ಲಿನ (ವಾದ್ಯದ ಅಗಲ ತುದಿ) ಬಾಯೊಳಗೆ ತುರುಕುವುದು ಸೌಂಡಿನವರ ಹಳೆಯ ಚಾಳಿ. ಹಾಗಿಟ್ಟರೆ ಕೆಳಗಿನ ಬಿ, ಬಿ ಫ್ಲಾಟ್ ಮಾತ್ರ ಗುಡುಗುತ್ತವೆ, ಉಳಿದವು ಕುಗ್ಗುತ್ತವೆ. ಸ್ಯಾಕ್ಸಿನ ದನಿ ಹೊರಡುವುದು ತೆರೆದ ತೂತುಗಳಿಂದ, ಬೆಲ್ಲಿಂದ ಪೂರ್ತಿ ಬರುವುದು ಕಟ್ಟಕಡೆಯ ಸ್ವರಗಳಷ್ಟೇ. ಕ್ಲಿಪ್ ಮೈಕನ್ನು ಬೆಲ್ ಅಂಚಿನಿಂದ ಒಂದು ಗೇಣಿನಷ್ಟು ಹೊರಗೆ, ಕೀಗಳ ಕಡೆ ಮುಖ ಮಾಡಿ ತಿರುಗಿಸಿ. ಮಾನಿಟರಿನಲ್ಲಿ ಕೀಬೋರ್ಡ್ ಮತ್ತು ನಿಮ್ಮ ದನಿ ಎರಡೇ ಬೇಕೆನ್ನಿ. ರಿದಂ ಪ್ಯಾಡ್ ಬೇಡವೆಂದರೂ ಕೇಳುತ್ತದೆ. ಕಿವಿಗೆ ಫೋಮ್ ಪ್ಲಗ್ ಇರಲಿ. ಮೆರವಣಿಗೆಯಲ್ಲಿ ಡಿಜೆ ಗಾಡಿಯ ಮುಂದೆ ಎರಡು ತಾಸು ನಡೆದವರಿಗೆ ಇದರ ಬೆಲೆ ಗೊತ್ತು. ನಡೆಯುತ್ತ ಊದುವಾಗ ಸ್ಟ್ರಾಪಿನ ಕೊಂಡಿ ಮುಚ್ಚುವ ತರಹದ್ದೇ ಆಗಿರಬೇಕು. ತೆರೆದ ಕೊಂಡಿಯಿಂದ ಆಲ್ಟೋ ಜಾರಿದರೆ ಎರಡೂವರೆ ಕಿಲೋ ಹಿತ್ತಾಳೆ ನೇರ ರಸ್ತೆಗೆ.

ರಾತ್ರಿ ಹತ್ತರ ನಿಯಮವನ್ನು ಒಪ್ಪಂದದ ಮಾತಿನಲ್ಲೇ ತನ್ನಿ. 2000ದ ಶಬ್ದಮಾಲಿನ್ಯ ನಿಯಮದಂತೆ ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ನಿಷೇಧ. ಏಳಕ್ಕೆ ಎಂದ ಕಾರ್ಯಕ್ರಮ ಭಾಷಣಗಳಿಂದಾಗಿ ಒಂಬತ್ತಕ್ಕೆ ಶುರುವಾಗಿ, ಮೂರು ಹಾಡಿಗೆ ಪೊಲೀಸರು ಬಂದು ನಿಲ್ಲಿಸುತ್ತಾರೆ. "ಮೂರೇ ಹಾಡ್ ಬಾರ್ಸಿದ್ರಿ" ಎಂದು ದುಡ್ಡು ಕಡಿಯುವವರಿದ್ದಾರೆ. ಕೂಲಿ ಹಾಡಿನ ಲೆಕ್ಕದಲ್ಲಲ್ಲ, ಬಂದು ಕೂತ ತಾಸಿನ ಲೆಕ್ಕದಲ್ಲಿ ಎಂದು ಮೊದಲೇ ವಾಟ್ಸಾಪಿನಲ್ಲಿ ಬರೆದು ಕಳಿಸಿ. ಎಷ್ಟು ಗಂಟೆಗೆ ಹಾಜರಿ, ಎಷ್ಟು ತಾಸು, ಮೇಲಿನ ತಾಸಿಗೆ ಎಷ್ಟು, ಹೋಗಿಬರುವ ಖರ್ಚು ಯಾರದು, ರಾತ್ರಿ ಉಳಿಯಲು ಕೋಣೆ ಇದೆಯೋ. ಅದೊಂದು ಮೆಸೇಜೇ ಕರಾರು. ಮುಂಗಡ ಫೋನಿಗೆ ಬೀಳುವವರೆಗೆ ತಾರೀಖು ಹಿಡಿದಿಲ್ಲ ಎಂದೇ ಲೆಕ್ಕ.

ಈಚೆಗೆ ಮನೆಯಿಂದಲೇ ಮಾಡುವ ರೆಕಾರ್ಡಿಂಗ್ ಕೆಲಸ ಹೆಚ್ಚಿದೆ. ಜನಪದ, ಭಕ್ತಿಗೀತೆ, ಭೀಮಗೀತೆಗಳ (ಅಂಬೇಡ್ಕರರ ಮೇಲಿನ ಹಾಡು) ಯೂಟ್ಯೂಬ್ ಹಾಡಿಗೆ "ಒಂದ್ ನಾಲ್ಕ್ ಬಿಟ್ ಹಾಕಿ ಕಳಸ್ರಿ" ಎನ್ನುತ್ತಾರೆ. ಇಲ್ಲಿಯ ಮನೆಗಳ ಮುಖ್ಯ ಸಮಸ್ಯೆ ನೆಲ. ಶಹಾಬಾದ್ ಪರಸಿ (ಕಲ್ಲಿನ ಚಪ್ಪಡಿ) ಹಾಸಿದ ಕೋಣೆಯಲ್ಲಿ ಸ್ಯಾಕ್ಸ್ ಊದಿದರೆ ಬಚ್ಚಲಲ್ಲಿ ಊದಿದಂತೆ ಕೇಳುತ್ತದೆ. ನೆಲಕ್ಕೆ ದಪ್ಪ ಜಮಖಾನ ಹಾಸಿ. ಬೆನ್ನಹಿಂದೆ ಮತ್ತು ಎರಡೂ ಬದಿಗೆ ಹಗ್ಗ ಕಟ್ಟಿ ಕೌದಿ ಇಳಿಬಿಡಿ. ಅಜ್ಜಿ ಹೊಲಿದ ನಾಲ್ಕು ಪದರದ ಕೌದಿಯ ಮುಂದೆ ಅಂಗಡಿಯ ತೆಳು ಫೋಮ್ ಏನೂ ಅಲ್ಲ. ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು ತೂಗಿದರೆ ಇನ್ನೂ ಚೆನ್ನಾಗಿ ಹೀರುತ್ತದೆ. ಮೈಕ್ ಒಂದೂವರೆ ಅಡಿ ದೂರ, ಬೆಲ್ ಮತ್ತು ಎಡಗೈ ಕೀಗಳ ನಡುವೆ ಗುರಿ. ಗೇನ್ (ರೆಕಾರ್ಡಿಂಗಿನ ಮಟ್ಟ) ಇಡುವಾಗ ಬಿಟ್ಟಿನ ಅತಿ ಜೋರಿನ ಜಾಗವನ್ನೇ ಊದಿ ನೋಡಿ, ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸು ನಿಲ್ಲಲಿ. ಸ್ಯಾಕ್ಸ್ ಏಕಾಏಕಿ ಏರುವ ವಾದ್ಯ, ಕ್ಲಿಪ್ ಆಗಿ ಒಡೆದ ದನಿಯನ್ನು ಯಾವ ಇಂಜಿನಿಯರನೂ ಸರಿಮಾಡಲಾರ.

ಫ್ಯಾನ್ ಬಂದ್. ಬೇಸಿಗೆಯಲ್ಲಿ ಇದೇ ದೊಡ್ಡ ತಪಸ್ಸು, ಬೆಳಗಿನ ಐದರಿಂದ ಏಳರ ಹೊತ್ತು ಅದಕ್ಕೆ ಸರಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಟ್ರ್ಯಾಕಿನಲ್ಲಿ ಗುಂಯ್ ಎನ್ನುವ ಸದ್ದು ಕೂರುತ್ತದೆ. ಅಗ್ಗದ ಇನ್ವರ್ಟರಿನ ವಿದ್ಯುತ್ತು ನಯವಾದ ಅಲೆಯಲ್ಲ. ಚಾರ್ಜರ್ ಕಿತ್ತು ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿದರೆ ಬಹುತೇಕ ಹೋಗುತ್ತದೆ. ಹೆಡ್‌ಫೋನ್ ಕಿವಿ ಮುಚ್ಚುವಂಥದ್ದಿರಲಿ, ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್ ಸದ್ದು) ಸಣ್ಣಗಿರಲಿ. ಬಿಟ್ಟಿನ ಕೊನೆಯ ಉದ್ದ ಸ್ವರ ಕರಗುವಾಗ ಹೆಡ್‌ಫೋನಿನಿಂದ ಸೋರಿದ ಟಿಕ್ ಟಿಕ್ ಮೈಕಿಗೆ ಬೀಳುವುದು ಅತಿ ಸಾಮಾನ್ಯ ತಪ್ಪು.

ಅರೇಂಜರಿಂದ ಮೊದಲೇ ಇಸಿದುಕೊಳ್ಳಬೇಕಾದ್ದು ಬಿಪಿಎಂ, ಸ್ಕೇಲ್, ಕ್ಲಿಕ್ ಇರುವ ಟ್ರ್ಯಾಕ್, ಕ್ಲಿಕ್ ಇಲ್ಲದ ಟ್ರ್ಯಾಕ್. ವಾಪಸ್ ಕಳಿಸುವುದು 48 ಕಿಲೋಹರ್ಟ್ಸ್, 24 ಬಿಟ್, ಮೋನೋ ವೇವ್ ಫೈಲ್. ರಿವರ್ಬ್ (ಪ್ರತಿಧ್ವನಿ) ಹಾಕಬೇಡಿ, ಅದು ಮಿಕ್ಸಿಂಗಿನವರ ಕೆಲಸ. ಬಿಟ್ ಮೂರನೇ ನಿಮಿಷಕ್ಕೆ ಬಂದರೂ ಫೈಲ್ ಹಾಡಿನ ಸೊನ್ನೆಯಿಂದಲೇ ಶುರುವಾಗಬೇಕು. ಆಗ ಅವರು ಎಳೆದು ಹಾಕಿದರೆ ತಾನೇ ಜಾಗಕ್ಕೆ ಕೂರುತ್ತದೆ. ಒಂದು ನಿಮಿಷಕ್ಕೆ ಎಂಟೂವರೆ ಎಂಬಿ ಲೆಕ್ಕ, ಐದು ನಿಮಿಷದ ಹಾಡಿಗೆ 43ರ ಹತ್ತಿರ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಎಂದೇ ಕಳಿಸಿ, ಇಲ್ಲವೇ ಡ್ರೈವ್ ಲಿಂಕ್ ಕೊಡಿ. ಪ್ರತಿ ಬಿಟ್ಟಿಗೂ ಎರಡು ಟೇಕ್: ಒಂದು ಅವರು ಕೇಳಿದಂತೆ ನೇರ, ಇನ್ನೊಂದು ನಿಮ್ಮ ಮೀಂಡು, ಉಸಿರು, ಗುರುಗುಟ್ಟುವಿಕೆ ಸೇರಿಸಿದ್ದು. ಕೀಬೋರ್ಡಿನಲ್ಲೂ ಸ್ಯಾಕ್ಸ್ ಟೋನ್ ಇದೆ, ಅಗ್ಗವೂ ಹೌದು. ಆ ಟೋನಿನಿಂದ ಬರದಿದ್ದದ್ದು ಎರಡನೇ ಟೇಕಿನಲ್ಲಿ ಇಲ್ಲದಿದ್ದರೆ ಮುಂದಿನ ಸಲ ಫೋನ್ ಬರುವುದಿಲ್ಲ.

ಹಕ್ಕಿನ ಮಾತು ಒಂದಿಷ್ಟು. 1957ರ ಕೃತಿಸ್ವಾಮ್ಯ ಕಾಯ್ದೆ ವಾದ್ಯ ನುಡಿಸುವವರನ್ನೂ ಪ್ರದರ್ಶಕರೆಂದೇ ಗಣಿಸುತ್ತದೆ, ಆ ಹಕ್ಕಿನ ಅವಧಿ 50 ವರ್ಷ. ಆದರೆ 2012ರ ತಿದ್ದುಪಡಿಯಲ್ಲಿ ಒಂದು ಕೊಕ್ಕೆ ಇದೆ: ಸಿನಿಮಾದಲ್ಲಿ ಪ್ರಾಸಂಗಿಕವಾಗಿ ಬಂದುಹೋದ, ರೂಢಿಯಂತೆ ಎಲ್ಲಿಯೂ ಹೆಸರು ಹಾಕದ ಕೆಲಸಗಾರನನ್ನು ಪ್ರದರ್ಶಕನೆಂದು ಎಣಿಸುವುದು ಬಹುಮಟ್ಟಿಗೆ ಇಲ್ಲ. ಅದಕ್ಕೇ ಹೆಸರು ಹಾಕಿಸಿಕೊಳ್ಳುವುದು ಬರೀ ಮರ್ಯಾದೆಯ ವಿಷಯವಲ್ಲ. ಯೂಟ್ಯೂಬ್ ವಿವರಣೆಯಲ್ಲೂ "ಸ್ಯಾಕ್ಸೋಫೋನ್" ಎಂದು ನಿಮ್ಮ ಹೆಸರು ಬರಲಿ. ದೊಡ್ಡ ಸಂಸ್ಥೆಗಳು ಶೇ 10 ಟಿಡಿಎಸ್ (ಮೊದಲೇ ಕಡಿಯುವ ಆದಾಯ ತೆರಿಗೆ) ಹಿಡಿದು ಕೊಡುತ್ತವೆ. ಪ್ಯಾನ್ ಕೊಟ್ಟು, ವರ್ಷದ ಕೊನೆಗೆ ಆದಾಯ ತೆರಿಗೆ ಇಲಾಖೆಯ ನಿಮ್ಮ ಲೆಕ್ಕದಲ್ಲಿ ಅದು ಬಂದಿದೆಯೇ ನೋಡಿಕೊಳ್ಳಿ.

ವರ್ಷದ ಓಟ ಹೀಗಿರುತ್ತದೆ. ತೊಗರಿ ರಾಶಿಯಾಗಿ ಕೈಯಲ್ಲಿ ದುಡ್ಡಾಡುವ ಮಾಘ, ಫಾಲ್ಗುಣದಿಂದ ಜ್ಯೇಷ್ಠದವರೆಗೆ ಲಗ್ನ. ಜನವರಿಯಿಂದ ಮಾರ್ಚಿವರೆಗೆ ಕಾಲೇಜುಗಳ ಗ್ಯಾದರಿಂಗ್. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ ಕಲಬುರಗಿ, ಬೀದರದ ಓಣಿ ಓಣಿಯಲ್ಲೂ ಆರ್ಕೆಸ್ಟ್ರಾ, ಆ ವಾರ ಒಬ್ಬ ಸ್ಯಾಕ್ಸಿನವನೂ ಖಾಲಿ ಸಿಗುವುದಿಲ್ಲ. ಗಣಪತಿ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ದಸರಾ, ನವೆಂಬರಿನ ರಾಜ್ಯೋತ್ಸವ ಒಂದರ ಹಿಂದೊಂದು. ಡಿಸೆಂಬರಿನಲ್ಲಿ ಬೀದರದ ಮೆಥೋಡಿಸ್ಟ್ ಚರ್ಚುಗಳ ಕ್ರಿಸ್‌ಮಸ್. ಪಿತೃಪಕ್ಷ, ಧನುರ್ಮಾಸದಲ್ಲಿ ಲಗ್ನವಿಲ್ಲ. ಆಷಾಢವಂತೂ ಪೂರ್ತಿ ಖಾಲಿ.

ಆ ಖಾಲಿ ತಿಂಗಳನ್ನೇ ರಿಪೇರಿಗೆ ಇಟ್ಟುಕೊಳ್ಳಿ. ಬ್ಯಾಂಡಿನ ವಾದ್ಯ ರಿಪೇರಿ ಮಾಡುವವರನ್ನು ಹುಡುಕಿಕೊಂಡು ಈ ಕಡೆಯವರು ಹೋಗುವುದು ಹೈದರಾಬಾದಿಗೋ ಸೊಲ್ಲಾಪುರಕ್ಕೋ. ಒಯ್ಯುವ ಮುಂಚೆ ಕತ್ತಲ ಕೋಣೆಯಲ್ಲಿ ಕೊಳವೆಯೊಳಗೆ ಸಣ್ಣ ಎಲ್‌ಇಡಿ ಸರ ಇಳಿಸಿ, ಕೀಗಳನ್ನು ಹಗುರ ಮುಚ್ಚಿ, ಬೆಳಕು ಸೋರುವ ಪ್ಯಾಡುಗಳನ್ನು ಬರೆದಿಟ್ಟುಕೊಳ್ಳಿ. ಆ ಚೀಟಿ ಕೈಯಲ್ಲಿದ್ದರೆ "ಎಲ್ಲಾ ಪ್ಯಾಡ್ ಬದಲಿಸ್ಬೇಕು" ಎಂಬ ಮಾತಿಗೆ ಉತ್ತರ ಇರುತ್ತದೆ. ವಾಪಸ್ ತರುವಾಗ ಅಂಗಡಿಯಲ್ಲೇ ನಿಂತು ಕಟ್ಟಕಡೆಯ ಬಿ ಫ್ಲಾಟನ್ನು ಪಿಸುಮಾತಿನಷ್ಟು ಮೆಲ್ಲಗೆ ಊದಿ. ಕೀಗಳನ್ನು ಹಿಚುಕದೆ, ಬೆರಳ ಭಾರಕ್ಕೇ ಅದು ಹೊರಟರೆ ದುಡ್ಡು ಕೊಡಿ. ಹೊರಡದಿದ್ದರೆ ಚಹಾ ಹೇಳಿ, ಅಲ್ಲೇ ಕೂತುಕೊಳ್ಳಿ.